ಬಜೆಟ್‌ನ್ಯಾಗ ಇಟ್ಟ ರೊಕ್ಕ ಎಲ್ಲಿ ಹೋಯಿತು? ಸರ್ಕಾರದ ಬಂಡವಾಳ ಲೆಕ್ಕ ನಡೆಯುವ ಬಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನದಿಂದ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಚಹಾದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಭತ್ತದ ನಾಟಿಯ ಹೊತ್ತು, ತುಂಬಿದ ಡ್ಯಾಮಿನ ನೀರು ನದಿಗೆ ಹರಿದುಹೋಗುತ್ತಿತ್ತು. ತೋರಣಗಲ್ಲು, ಹೊಸಪೇಟೆಯ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಹಲಗೆ) ತಯಾರಿಸಿ, ಹರಿಯುವ ನೀರಿನಲ್ಲೇ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಶುರುವಾಯಿತು ರೊಕ್ಕದ ಮಾತು.

ಸಿಂಧನೂರು ಕಡೆಯ ಪರಿಚಯದ ರೈತರೊಬ್ಬರು ಕೇಳಿದ ಪ್ರಶ್ನೆ ಇದು: "ಗೇಟಿಗೆ ರಾತ್ರೋರಾತ್ರಿ ರೊಕ್ಕ ಬಂತು. ನಮ್ಮೂರ ರಸ್ತೆಗೆ ಬಜೆಟ್‌ನ್ಯಾಗ ಇಟ್ಟೀವಿ ಅಂದು ಎರಡು ವರ್ಷ ಆತು, ಒಂದು ಪುಟ್ಟಿ ಕಡಿ ಬಿದ್ದಿಲ್ಲ. ಇದ್ಯಾವ ಲೆಕ್ಕರೀ ಸರ?"

ಪ್ರಶ್ನೆ ಒಂದೇ ಅನಿಸಿದರೂ ಅದರೊಳಗೆ ಎರಡಿವೆ. ಇಟ್ಟ ದುಡ್ಡು ಯಾಕೆ ಬರುವುದಿಲ್ಲ? ಇಡದ ದುಡ್ಡು ಹೇಗೆ ಬರುತ್ತದೆ? ಎರಡಕ್ಕೂ ಉತ್ತರ ಸಿಗಬೇಕಾದರೆ ಬಂಡವಾಳ ಬಜೆಟ್ ಎಂದರೇನು ಎಂಬಲ್ಲಿಂದಲೇ ಹೊರಡಬೇಕು.

ಕೂಲಿಗೆ ಕೊಟ್ಟದ್ದು, ಬೋರಿಗೆ ಹಾಕಿದ್ದು

ಐದೆಕರೆ ಭತ್ತ ಬೆಳೆಯುವವರ ಮನೆ ಲೆಕ್ಕ ನೋಡಿ. ಬೀಜ, ಗೊಬ್ಬರ, ಎಣ್ಣೆ, ನಾಟಿ ಕೂಲಿ, ಕಟಾವು ಯಂತ್ರದ ಬಾಡಿಗೆ, ಮನೆಯ ರೇಷನ್ನು. ಈ ಖರ್ಚು ಬೆಳೆ ಬಂದೊಡನೆ ಕರಗಿಹೋಗುತ್ತದೆ, ಮುಂದಿನ ಬೆಳೆಗೆ ಮತ್ತೆ ಹೊಸದಾಗಿ ಮಾಡಬೇಕು. ಅದೇ ಮನೆಯವರು ಬೋರು ಕೊರೆಸಿದರೆ, ಹೊಲ ಮಟ್ಟ ಮಾಡಿಸಿದರೆ, ಟ್ರ್ಯಾಕ್ಟರ್ ಕೊಂಡರೆ ಅದು ಹತ್ತಾರು ವರ್ಷ ಉಳಿಯುವ ಆಸ್ತಿ.

ಸರ್ಕಾರದ ಲೆಕ್ಕವೂ ಹೀಗೇ. ಸಂಬಳ, ಪಿಂಚಣಿ, ಹಳೆ ಸಾಲದ ಬಡ್ಡಿ, ಸಬ್ಸಿಡಿ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ, ಆಸ್ಪತ್ರೆಯ ಔಷಧಿ, ಇವೆಲ್ಲ ರಾಜಸ್ವ ವೆಚ್ಚ. ರಸ್ತೆ, ಸೇತುವೆ, ಕಾಲುವೆ, ಶಾಲೆಯ ಕಟ್ಟಡ, ನೀರಾವರಿ ನಿಗಮಗಳಿಗೆ ಹಾಕುವ ಷೇರು ಹಣ, ಇವು ಬಂಡವಾಳ ವೆಚ್ಚ. ಈ ಎರಡನ್ನೂ ಬೇರೆ ಬೇರೆಯಾಗಿ ತೋರಿಸಲೇಬೇಕೆಂದು ಸಂವಿಧಾನದ 202ನೇ ವಿಧಿಯೇ ಹೇಳುತ್ತದೆ.

ಬಜೆಟ್ ಪುಸ್ತಕದಲ್ಲಿ ಇದನ್ನು ಗುರುತಿಸುವುದು ಸುಲಭ. ಪ್ರತಿ ಖರ್ಚಿಗೂ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ, ಅದರ ಮೊದಲ ನಾಲ್ಕು ಅಂಕಿ ನೋಡಿದರೆ ಸಾಕು. 2 ಅಥವಾ 3ರಿಂದ ಶುರುವಾದರೆ ರಾಜಸ್ವ, 4 ಅಥವಾ 5ರಿಂದ ಶುರುವಾದರೆ ಬಂಡವಾಳ. ರಸ್ತೆಯ ಗುಂಡಿ ಮುಚ್ಚುವ ಖರ್ಚು 3054ರಲ್ಲಿ, ಹೊಸ ರಸ್ತೆ ಅಥವಾ ಅಗಲೀಕರಣದ ಖರ್ಚು 5054ರಲ್ಲಿ. ಆಸ್ಪತ್ರೆ ನಡೆಸುವುದು 2210, ಆಸ್ಪತ್ರೆ ಕಟ್ಟುವುದು 4210.

ಇಲ್ಲೊಂದು ಸಣ್ಣ ತೊಡಕಿದೆ, ಪೇಪರು ಓದುವವರು ಇದರಲ್ಲಿ ಎಡವುವುದುಂಟು. ಜಿಲ್ಲಾ ಪಂಚಾಯಿತಿಗೆ ಸರ್ಕಾರ ಅನುದಾನ ಕೊಟ್ಟು, ಅವರು ಆ ದುಡ್ಡಿನಲ್ಲಿ ಅಂಗನವಾಡಿ ಕಟ್ಟಿದರೂ ರಾಜ್ಯದ ಪುಸ್ತಕದಲ್ಲಿ ಅದು ರಾಜಸ್ವ ವೆಚ್ಚವೇ. ಕಟ್ಟಡದ ಒಡೆತನ ರಾಜ್ಯ ಸರ್ಕಾರದ್ದಲ್ಲ ಎಂಬುದು ಲೆಕ್ಕದವರ ವಾದ. ಹಾಗಾಗಿ ಬಂಡವಾಳ ವೆಚ್ಚದ ಒಂದು ಅಂಕಿ ಹಿಡಿದು "ಸರ್ಕಾರ ಇಷ್ಟೇ ಕಟ್ಟಿತು" ಎಂದರೆ ಪೂರ್ತಿ ಸರಿಯಾಗುವುದಿಲ್ಲ.

ಇನ್ನೊಂದು ಮಾತು. ಬೋರು ಕೊರೆಸಿದ ಮೇಲೆ ಮೋಟಾರು ಸುಟ್ಟರೆ ರಿವೈಂಡಿಂಗ್ ಖರ್ಚು ಯಾರದು? ಹೊಸ ಆಸ್ಪತ್ರೆ ಕಟ್ಟಿಸಿದರೆ ಡಾಕ್ಟರು, ನರ್ಸು, ಕರೆಂಟು, ಔಷಧಿಯ ಖರ್ಚು ವರ್ಷವರ್ಷವೂ ರಾಜಸ್ವದಲ್ಲಿ ಬೆಳೆಯುತ್ತದೆ. ಉದ್ಘಾಟನೆಯಾದರೂ ಬೀಗ ತೆರೆಯದ ಕಟ್ಟಡ ನಿಮ್ಮ ತಾಲ್ಲೂಕಿನಲ್ಲಿ ಇದ್ದರೆ, ಈ ಎರಡನೆಯ ಖರ್ಚಿಗೆ ದುಡ್ಡು ಇಟ್ಟಿದ್ದಾರೋ ಇಲ್ಲವೋ ಎಂದು ಮೊದಲು ನೋಡಬೇಕು.

ಕಟ್ಟುವ ದುಡ್ಡು ಬರುವುದೆಲ್ಲಿಂದ

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಬಜೆಟ್ಟನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ, ಹಳೆ ಸಾಲದ ಅಸಲು ತೀರಿಸಲು 26,474 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಕಟ್ಟುವ ಕೆಲಸಕ್ಕೆ ಸಿಗುವುದು ಹದಿನೇಳು ರೂಪಾಯಿ ಚಿಲ್ಲರೆ.

ಈಗ ಆದಾಯದ ಕಡೆ ನೋಡಿ. ತೆರಿಗೆ, ಕೇಂದ್ರದ ಪಾಲು ಎಲ್ಲ ಸೇರಿ ರಾಜಸ್ವ ಸ್ವೀಕೃತಿ 2,92,477 ಕೋಟಿ. ದಿನದ ಖರ್ಚಿಗೇ ಇದು 19,262 ಕೋಟಿ ಕಡಿಮೆ ಬೀಳುತ್ತದೆ. ಈ ತೂತಿಗೆ ರಾಜಸ್ವ ಕೊರತೆ ಎಂದು ಹೆಸರು. ಹಾಗಾದರೆ ಕಟ್ಟುವ ಕೆಲಸಕ್ಕೆ? ಸಾಲ. ಆ ವರ್ಷ ಎತ್ತಲು ಅಂದಾಜಿಸಿದ ಸಾಲ 1,16,000 ಕೋಟಿ. ಅದರಲ್ಲಿ ಹಳೆ ಸಾಲದ ಅಸಲಿಗೆ 26,474 ಕೋಟಿ, ರಾಜಸ್ವದ ತೂತು ಮುಚ್ಚಲು 19,262 ಕೋಟಿ ತೆಗೆಯಿರಿ. ಉಳಿಯುವುದು 70,264 ಕೋಟಿ. ಬಂಡವಾಳ ವೆಚ್ಚ 71,336 ಕೋಟಿ ಎಂಬುದನ್ನು ಇದರ ಪಕ್ಕದಲ್ಲಿ ಇಡಿ. ಹೆಚ್ಚುಕಡಿಮೆ ಪೂರ್ತಿ ಕಟ್ಟೋಣ ಸಾಲದ ದುಡ್ಡಿನಲ್ಲೇ ನಿಂತಿದೆ.

ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಟ್ರ್ಯಾಕ್ಟರನ್ನು ಯಾರೂ ನಗದು ಕೊಟ್ಟು ಕೊಳ್ಳುವುದಿಲ್ಲ. ದುಡಿಯುವ ಆಸ್ತಿಗೆ ಸಾಲ ಮಾಡುವುದು ಸಹಜ. ರೇಷನ್ನಿಗೂ ಸಾಲವಾದಾಗಲೇ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು. ಅದಕ್ಕೇ ಕರ್ನಾಟಕ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿತು. ರಾಜಸ್ವ ಕೊರತೆ ಇರಬಾರದು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಸಾಲ ಶೇ 25ರೊಳಗೆ ಇರಬೇಕು ಎಂಬುದು ಅದರ ಸಾರ. ವಿತ್ತೀಯ ಕೊರತೆ ಅಂದರೆ ಹಳೆ ಸಾಲದ ಅಸಲು ಬಿಟ್ಟು, ವರ್ಷದ ಖರ್ಚಿಗೂ ಸಾಲವಲ್ಲದ ಆದಾಯಕ್ಕೂ ಇರುವ ಅಂತರ.

2025-26ರಲ್ಲಿ ವಿತ್ತೀಯ ಕೊರತೆಯ ಅಂದಾಜು 90,428 ಕೋಟಿ, ಶೇ 2.95. ಒಟ್ಟು ಸಾಲ ಶೇ 24.91. ಮಿತಿಗೂ ಅಂದಾಜಿಗೂ ನಡುವೆ ಉಳಿದ ಜಾಗ ಎಷ್ಟು? ವಿತ್ತೀಯ ಕೊರತೆಯಲ್ಲಿ ಲೆಕ್ಕ ಹಾಕಿದರೆ ಒಂದೂವರೆ ಸಾವಿರ ಕೋಟಿಯ ಆಸುಪಾಸು. ನಾಲ್ಕು ಲಕ್ಷ ಕೋಟಿಯ ಬಜೆಟ್ಟಿಗೆ ಇದು ಕಾಲುವೆಯ ದಡದಲ್ಲಿ ಬೆರಳಗಲ ಉಳಿದ ಹಾಗೆ. ಈ ಬೆರಳಗಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲಸದ ಪಟ್ಟಿ ತಯಾರಾಗುವ ಬಗೆ

ಬಜೆಟ್ ಮಾರ್ಚ್ ತಿಂಗಳ ಭಾಷಣ ಎಂದು ನಾವು ಅಂದುಕೊಳ್ಳುತ್ತೇವೆ. ಅದರ ಕೆಲಸ ಹಿಂದಿನ ವರ್ಷವೇ ಶುರುವಾಗಿರುತ್ತದೆ. ಆರ್ಥಿಕ ಇಲಾಖೆ ಎಲ್ಲ ಇಲಾಖೆಗಳಿಗೆ ಸುತ್ತೋಲೆ ಕಳಿಸುತ್ತದೆ, ಇಲಾಖೆಗಳು ತಮ್ಮ ಬೇಡಿಕೆಗಳ ಪಟ್ಟಿ ಕೊಡುತ್ತವೆ, ಮುಖ್ಯಮಂತ್ರಿಗಳು ಒಂದೊಂದು ಇಲಾಖೆಯನ್ನೂ ಕೂರಿಸಿಕೊಂಡು ಪೂರ್ವಭಾವಿ ಸಭೆ ನಡೆಸುತ್ತಾರೆ.

ಅಲ್ಲಿ ಮೊದಲು ಬರುವುದು ಹೊಸ ಕೆಲಸವಲ್ಲ. ಅರ್ಧ ಕಟ್ಟಿದ ಸೇತುವೆ, ನಡೆಯುತ್ತಿರುವ ಕಾಲುವೆ ಆಧುನೀಕರಣ, ಹಿಂದಿನ ವರ್ಷ ಮುಗಿದರೂ ಬಿಲ್ಲು ಪಾವತಿಯಾಗದ ರಸ್ತೆ, ಇವೆಲ್ಲ ಸರದಿಯಲ್ಲಿ ಮೊದಲೇ ನಿಂತಿರುತ್ತವೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಬೀಗರು ಕೂತುಬಿಟ್ಟರೆ ಹೇಗೋ ಹಾಗೆ. ಅವರಿಗೆ ಬಡಿಸಿ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಹೊಸ ಕೆಲಸಕ್ಕೆ.

ಆದರೆ ಹೊಸ ಕೆಲಸಗಳ ಬೇಡಿಕೆ ಉಳಿದದ್ದಕ್ಕಿಂತ ಸದಾ ಹೆಚ್ಚು. ಆಗ ಬರುವುದೇ ಬಯಾನಾ ಪದ್ಧತಿ. ಹೊಲ ಖರೀದಿಗೆ ಸ್ವಲ್ಪ ಮುಂಗಡ ಕೊಟ್ಟು ಮಾತು ಹಿಡಿದಿಡುವಂತೆ, ನೂರಾರು ಕೋಟಿಯ ಕೆಲಸಕ್ಕೂ ಮೊದಲ ವರ್ಷ ಸಣ್ಣದೊಂದು ಮೊತ್ತ ಇಟ್ಟು ಪಟ್ಟಿಗೆ ಸೇರಿಸುತ್ತಾರೆ. ಲೋಕೋಪಯೋಗಿ ಇಲಾಖೆಯ ಕೆಲಸಗಳ ಪಟ್ಟಿಗೆ ಅಪೆಂಡಿಕ್ಸ್-ಇ ಎನ್ನುತ್ತಾರೆ. ಗುತ್ತಿಗೆದಾರರ ಬಾಯಲ್ಲಿ ಇದು ದಿನಬಳಕೆಯ ಮಾತು. "ನಿಮ್ಮ ರಸ್ತೆ ಅಪೆಂಡಿಕ್ಸ್-ಇ ಒಳಗೆ ಬಂದೈತಿ" ಎಂದರೆ ಹೆಸರು ಬಂದಿದೆ ಎಂದರ್ಥ, ಪೂರ್ತಿ ದುಡ್ಡು ಬಂದಿದೆ ಎಂದಲ್ಲ. ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ಊರವರಿಗೆ ಕೇಳಿಸುವುದು ಬಯಾನಾದ ಮೊತ್ತವಲ್ಲ, ಪೂರ್ತಿ ಅಂದಾಜು. ಅಪಾರ್ಥ ಹುಟ್ಟುವುದು ಅಲ್ಲೇ.

ಕೆಲವು ಕೆಲಸ ದುಡ್ಡಿದ್ದರೂ ಮುಂದೆ ಹೋಗುವುದಿಲ್ಲ. ನಮ್ಮ ಕಡೆಯ ದೊಡ್ಡ ಉದಾಹರಣೆ ಕೊಪ್ಪಳ ಜಿಲ್ಲೆಯ ನವಲಿ ಸಮತೋಲನ ಜಲಾಶಯ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಡ್ಯಾಮು ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. ಕಳೆದುಕೊಂಡ ನೀರನ್ನು ನವಲಿಯಲ್ಲಿ ನಿಲ್ಲಿಸಬೇಕೆಂಬ ಮಾತು ಒಂದಲ್ಲ ಹಲವು ಬಜೆಟ್ಟುಗಳಲ್ಲಿ ಕೇಳಿದ್ದೇವೆ. ಆದರೆ ನೀರು ಮೂರು ರಾಜ್ಯಗಳದ್ದು. ಆಂಧ್ರ, ತೆಲಂಗಾಣ ಒಪ್ಪದೆ ಬೆಂಗಳೂರಿನಲ್ಲಿ ಎಷ್ಟು ಕೋಟಿ ಇಟ್ಟರೂ ಅದು ಪುಸ್ತಕದಲ್ಲೇ ಉಳಿಯುತ್ತದೆ.

ಡ್ಯಾಮಿನಿಂದ ತೂಬಿನ ತನಕ

ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಮು ತುಂಬಿದೆ ಎಂಬ ಸುದ್ದಿ ಬೇರೆ, ಮಾನ್ವಿ, ಸಿರವಾರದ ಹೊಲಕ್ಕೆ ನೀರು ತಲುಪುವುದು ಬೇರೆ. ನಡುವೆ ಮುಖ್ಯ ಕಾಲುವೆ, ಉಪಕಾಲುವೆ, ತೂಬು, ಒಂದೊಂದಕ್ಕೂ ಒಂದೊಂದು ಗೇಟು. ಬಜೆಟ್ಟೂ ಹಾಗೇ.

ವಿಧಾನಮಂಡಲ ಬಜೆಟ್ಟಿಗೆ ಒಪ್ಪಿಗೆ ಕೊಟ್ಟು ಧನವಿನಿಯೋಗ ಮಸೂದೆ ಪಾಸು ಮಾಡಿದರೆ, ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಇಂಥ ಕೆಲಸಕ್ಕೆ ಇಷ್ಟರ ತನಕ ತೆಗೆಯಬಹುದು ಎಂಬ ಅನುಮತಿ ಸಿಕ್ಕಂತೆ. ಅಷ್ಟೇ. ಆ ದುಡ್ಡು ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಎಣಿಸಿ ಇಟ್ಟಿರುವುದಿಲ್ಲ. ವರ್ಷ ಪೂರ್ತಿ ತೆರಿಗೆ ಬರಬೇಕು, ಸಾಲ ಎತ್ತಬೇಕು, ಬಂದಂತೆ ಬಿಡಬೇಕು.

ಕೆಲಸದ ಕಡೆಯಿಂದಲೂ ಗೇಟುಗಳಿವೆ. ಮೊದಲು ಅಂದಾಜು ಪಟ್ಟಿ, ಅದರ ಮೇಲೆ ಆಡಳಿತಾತ್ಮಕ ಅನುಮೋದನೆ, ಅಂದರೆ ಈ ಕೆಲಸ ಬೇಕು, ಇಷ್ಟು ಖರ್ಚಿಗೆ ಒಪ್ಪಿಗೆ ಎಂದು ಸರ್ಕಾರ ಹೇಳುವುದು. ಆಮೇಲೆ ತಾಂತ್ರಿಕ ಮಂಜೂರಾತಿ, ನಕಾಶೆ ಮತ್ತು ದರ ಸರಿಯಿದೆ ಎಂದು ಎಂಜಿನಿಯರ್ ಸಹಿ ಹಾಕುವುದು. ನಂತರ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರು. ಟೆಂಡರಿಗೆ ಯಾರೂ ಬರದಿದ್ದರೆ, ಬಂದವರು ವಿಪರೀತ ದರ ಹಾಕಿದ್ದರೆ, ಮತ್ತೆ ಕರೆಯಬೇಕು. ಜಮೀನು ಬೇಕಿದ್ದರೆ ಭೂಸ್ವಾಧೀನ, ಅದು ಬೇರೆಯದೇ ಪುರಾಣ. ಕೊನೆಗೆ ಕಾರ್ಯಾದೇಶ.

ಕಡಿ ಬಿದ್ದ ಮೇಲೂ ಮುಗಿಯಲಿಲ್ಲ. ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯಬೇಕು, ಬಿಲ್ಲಾಗಬೇಕು, ಹಣ ಬಿಡುಗಡೆಯ ಪತ್ರ ಬರಬೇಕು. ಗುತ್ತಿಗೆದಾರರು "ಎಲ್‌ಒಸಿ ಬಂದಿಲ್ರೀ" ಎಂದು ಗೋಳಾಡುವುದು ಈ ಪತ್ರಕ್ಕಾಗಿ. ಬಜೆಟ್ಟಿನಲ್ಲಿ ಜಾಗವಿದ್ದು, ಕೆಲಸ ಮುಗಿದಿದ್ದು, ಬಿಲ್ಲು ತಯಾರಿದ್ದರೂ ಎಲ್‌ಒಸಿ ಬಾರದಿದ್ದರೆ ದುಡ್ಡಿಲ್ಲ. ಆರ್ಥಿಕ ಇಲಾಖೆಯ ಕೈಯಲ್ಲಿರುವ ದೊಡ್ಡ ತೂಬು ಇದೇ. ತೆರಿಗೆ ಚೆನ್ನಾಗಿ ಬಂದ ತಿಂಗಳು ಎತ್ತುತ್ತಾರೆ, ಬಾರದ ತಿಂಗಳು ಇಳಿಸುತ್ತಾರೆ.

ಮತ್ತೊಂದು ನಿಯಮ ಎಲ್ಲಕ್ಕಿಂತ ಕಠೋರ. ಮಾರ್ಚ್ 31ರ ರಾತ್ರಿ ಅನುಮತಿಯ ಆಯುಷ್ಯ ಮುಗಿಯುತ್ತದೆ. ಖರ್ಚಾಗದ ಮೊತ್ತ ತಾನಾಗಿ ಮುಂದಿನ ವರ್ಷಕ್ಕೆ ಹೋಗುವುದಿಲ್ಲ, ಹೊಸ ಬಜೆಟ್ಟಿನಲ್ಲಿ ಮತ್ತೆ ಕೇಳಬೇಕು. ಮಾರ್ಚ್ ಕೊನೆಯ ವಾರ ಖಜಾನೆಗಳ ಮುಂದೆ ನಡೆಯುವ ಓಡಾಟಕ್ಕೆ ಕಾರಣ ಇದು. ಏಪ್ರಿಲ್ ಆದರೆ ಅದೇ ಬಿಲ್ಲು ಹೊಸ ಸರದಿಗೆ ಬೀಳುತ್ತದೆ.

ವರ್ಷದ ನಡುವೆ ಲೆಕ್ಕ ತಿದ್ದುವುದು

ಮಳೆ, ಬರ, ನೆರೆ, ತೆರಿಗೆ, ಕೇಂದ್ರದ ಪಾಲು ಯಾವುದೂ ಮಾರ್ಚಿನಲ್ಲಿ ಅಂದುಕೊಂಡಂತೆ ನಡೆಯುವುದಿಲ್ಲ. ಅದಕ್ಕೇ ಬಜೆಟ್ಟಿನೊಳಗೇ ತಿದ್ದುವ ದಾರಿಗಳಿವೆ.

ಸಣ್ಣ ದಾರಿ ಪುನರ್ವಿನಿಯೋಗ. ಒಂದು ಕೆಲಸದಲ್ಲಿ ಉಳಿಯುವ ಹಣವನ್ನು ಅದೇ ಬೇಡಿಕೆಯ (ಸದನ ಒಟ್ಟಾಗಿ ಮಂಜೂರು ಮಾಡುವ ಒಂದು ಬಾಬಿನ ಮೊತ್ತ) ಒಳಗಿನ ಇನ್ನೊಂದು ಕೆಲಸಕ್ಕೆ ತಿರುಗಿಸುವುದು. ಇದಕ್ಕೆ ಸದನಕ್ಕೆ ಹೋಗಬೇಕಿಲ್ಲ. ಆದರೆ ಬೇಲಿ ಇದೆ. ಒಂದು ಬೇಡಿಕೆಯಿಂದ ಇನ್ನೊಂದಕ್ಕೆ ಹಾರುವಂತಿಲ್ಲ, ಬಂಡವಾಳದ ದುಡ್ಡನ್ನು ರಾಜಸ್ವಕ್ಕೆ ತಿರುಗಿಸುವಂತಿಲ್ಲ. ಬೋರಿಗೆ ಮಂಜೂರಾದ ಸಾಲದಲ್ಲಿ ಮದುವೆ ಮಾಡುವಂತಿಲ್ಲ ಎಂದು ಬ್ಯಾಂಕಿನವರು ಹೇಳಿದ ಹಾಗೆ.

ದೊಡ್ಡ ದಾರಿ ಪೂರಕ ಅಂದಾಜು, ಸಂವಿಧಾನದ 205ನೇ ವಿಧಿಯದ್ದು. ಹೊಸ ಖರ್ಚು ಬಂತು, ಅಥವಾ ಇಟ್ಟದ್ದು ಸಾಲಲಿಲ್ಲ ಎಂದರೆ ಸರ್ಕಾರ ಮತ್ತೆ ಸದನದ ಮುಂದೆ ಬಂದು ಅನುಮತಿ ಕೇಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಮಳೆಗಾಲದ ಅಧಿವೇಶನ, ಡಿಸೆಂಬರಿನ ಬೆಳಗಾವಿ ಅಧಿವೇಶನ, ಕೊನೆಗೆ ಬಜೆಟ್ ಅಧಿವೇಶನದಲ್ಲಿ ಇವು ಬರುತ್ತವೆ. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಹೋಗುತ್ತದೆ. ಮಾರ್ಚ್ ಭಾಷಣಕ್ಕೆ ಕೊಡುವ ಗಮನದ ಕಾಲು ಭಾಗ ಇದಕ್ಕೆ ಕೊಟ್ಟರೂ ಸರ್ಕಾರದ ಮನಸ್ಸು ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅನುಭವ.

ಸದನ ಸೇರುವ ತನಕ ಕಾಯಲಾಗದ ತುರ್ತು ಬಂದರೆ ಸಾದಿಲ್ವಾರು ನಿಧಿ ಇದೆ. ಮನೆಯಲ್ಲಿ ಅಕ್ಕಿ ಡಬ್ಬಿಯೊಳಗೆ ಅವ್ವ ಬಚ್ಚಿಟ್ಟ ನೋಟಿನಂತೆ. ತೆಗೆದದ್ದನ್ನು ಆಮೇಲೆ ಸದನದ ಒಪ್ಪಿಗೆ ಪಡೆದು ವಾಪಸು ತುಂಬಬೇಕು.

ಈಗ ಬೆರಳಗಲದ ಮಾತಿಗೆ ಬರೋಣ. ವರ್ಷದ ನಡುವೆ ತೆರಿಗೆ ಅಂದಾಜಿಗಿಂತ ಐದು ಸಾವಿರ ಕೋಟಿ ಕಡಿಮೆಯಾಯಿತು ಎಂದುಕೊಳ್ಳಿ. ಸಂಬಳ ನಿಲ್ಲಿಸಲಾಗದು, ಪಿಂಚಣಿ ನಿಲ್ಲಿಸಲಾಗದು, ಬಡ್ಡಿ ಕಟ್ಟಲೇಬೇಕು, ಮಾತು ಕೊಟ್ಟ ಯೋಜನೆಗಳ ಹಣ ತಪ್ಪಿದರೆ ಮರುದಿನವೇ ಗದ್ದಲ. ಸಾಲ ಹೆಚ್ಚಿಸೋಣವೆಂದರೆ ಶೇ 3ರ ಗೋಡೆ. ಉಳಿದದ್ದು ಬಂಡವಾಳ ವೆಚ್ಚ. ರಸ್ತೆ ಆರು ತಿಂಗಳು ತಡವಾದರೆ ಬೈಯುತ್ತಾರೆ, ಸಹಿಸುತ್ತಾರೆ. ಬೆಳೆ ಕೈಕೊಟ್ಟ ವರ್ಷ ರೈತ ಮನೆಯ ರೇಷನ್ನು ನಿಲ್ಲಿಸುತ್ತಾನೋ, ಬೋರು ಕೊರೆಸುವುದನ್ನು ಮುಂದಕ್ಕೆ ಹಾಕುತ್ತಾನೋ? ಸರ್ಕಾರ ಮಾಡುವುದೂ ಅದನ್ನೇ. ಯಾವ ಪಕ್ಷದ ಸರ್ಕಾರವಿದ್ದರೂ ಕತ್ತರಿ ಮೊದಲು ಬೀಳುವ ಜಾಗ ಇದು. ಕತ್ತರಿ ಬಿತ್ತು ಎಂದು ಯಾರೂ ಘೋಷಿಸುವುದಿಲ್ಲ. ತೂಬು ಇಳಿಯುತ್ತದೆ, ಅಷ್ಟೇ.

ಪುಸ್ತಕದ ಆಚೆಯ ದುಡ್ಡು

ನಮ್ಮ ಕಡೆ ಕಾಣುವ ಎಲ್ಲ ಕಟ್ಟಡಕ್ಕೂ ದುಡ್ಡು ಇದೇ ಕಾಲುವೆಯಿಂದ ಬಂದಿರುವುದಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನಂತರ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025-26ರಲ್ಲಿ 5,000 ಕೋಟಿ ಘೋಷಿಸಿದರು. ಅದು ಇಡಿಗಂಟು. ಮಂಡಳಿಯ ಕ್ರಿಯಾಯೋಜನೆ ಮಂಜೂರಾದ ಮೇಲೆಯೇ ಯಾವ ಊರಿಗೆ ಎಷ್ಟು ಎಂಬುದು ತೀರ್ಮಾನ. ಬಳ್ಳಾರಿಯಲ್ಲಿ ಜಿಲ್ಲಾ ಖನಿಜ ನಿಧಿ ಇದೆ, ಗಣಿ ಕಂಪನಿಗಳು ಕಟ್ಟುವ ಪಾಲು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ಆದೇಶದಂತೆ ಬಂದ ನಿಧಿ ಬೇರೆ. ಕೇಂದ್ರ ಸರ್ಕಾರ 2020-21ರಿಂದ ರಾಜ್ಯಗಳಿಗೆ ಬಂಡವಾಳ ಕೆಲಸಕ್ಕೆಂದೇ 50 ವರ್ಷದ ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ. ಅದಕ್ಕೆ ಷರತ್ತುಗಳುಂಟು. ಹೀಗಾಗಿ ಪಕ್ಕದೂರಿಗೆ ರಸ್ತೆಯಾಗಿ ನಮ್ಮೂರಿಗೆ ಆಗದಿದ್ದರೆ, ಎರಡೂ ಒಂದೇ ಲೆಕ್ಕದಲ್ಲಿ ಇದ್ದವೇ ಎಂದು ಮೊದಲು ನೋಡುವುದು ಒಳ್ಳೆಯದು.

ಹಾಗಾದರೆ ಗೇಟಿನ ಕತೆ

ಬಜೆಟ್ ಪುಸ್ತಕ ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ಪ್ರತಿ ಶೀರ್ಷಿಕೆಯ ಎದುರು ನಾಲ್ಕು ಕಾಲಂ. ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದ ಲೆಕ್ಕ, ಹಿಂದಿನ ವರ್ಷದ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಭಾಷಣದಲ್ಲಿ ಕೇಳುವುದು ಕೊನೆಯ ಕಾಲಂ. ನಡೆದ ಸಂಗತಿ ಇರುವುದು ಮೊದಲಿನದರಲ್ಲಿ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವೇ ವರ್ಷದ ನಡುವೆ ತೂಬು ಎಷ್ಟು ಏರಿಳಿಯಿತು ಎಂಬ ಗುರುತು.

ಆ ರೈತರಿಗೆ ಇದನ್ನೆಲ್ಲ ಹೇಳಿದಾಗ ಅವರು ಬಿಡಲಿಲ್ಲ. "ಅದೆಲ್ಲ ಖರೇ ಐತಿ, ಗೇಟಿಗೆ ಹೆಂಗ ಬಂತು ಹೇಳ್ರಿ."

ಗೇಟಿಗೆ ಬಂದದ್ದು ತುರ್ತಿನ ದುಡ್ಡು. ಡ್ಯಾಮು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ, ಅದರ ಖರ್ಚನ್ನು ಪಾಲುದಾರ ರಾಜ್ಯಗಳು ಹಂಚಿಕೊಳ್ಳುತ್ತವೆ. ನೀರು ಹರಿದುಹೋಗುತ್ತಿರುವಾಗ ಮೊದಲು ಕೆಲಸ, ಕಾಗದ ಆಮೇಲೆ. ಆದರೆ ಆ ವಾರ ಇಳಿಸಿದ್ದು ತಾತ್ಕಾಲಿಕ ಹಲಗೆಯನ್ನು. ಡ್ಯಾಮಿನ 33 ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಹೇಳಿದ ಮೇಲೆ ಆ ಕೆಲಸವೂ ವಿನ್ಯಾಸ, ಅಂದಾಜು, ಟೆಂಡರು ಎಂಬ ಅದೇ ಸರದಿಯಲ್ಲಿ ನಿಂತಿತು. 2025ರ ಮಳೆಗಾಲ ಬಂದಾಗ ಹೊಸ ಗೇಟುಗಳು ಬಂದಿರಲಿಲ್ಲ. ಒಳಹರಿವು ಭರ್ಜರಿ ಇದ್ದರೂ ಡ್ಯಾಮಿನಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಿ ಉಳಿದದ್ದನ್ನು ನದಿಗೆ ಬಿಟ್ಟರು.

"ಅಂದ್ರ ಗೇಟೂ ನಮ್ಮ ರಸ್ತೆ ಹಿಂದ ಪಾಳಿ ಹಚ್ಚೈತಿ ಅನ್ರಿ" ಎಂದು ನಕ್ಕರು. ಮರುವಾರ ತಾಲ್ಲೂಕಿನ ಕಚೇರಿಯೊಂದಕ್ಕೆ ಹೋಗಿ, ದುಡ್ಡು ಬಂತೇ ಎಂದು ಕೇಳದೆ, ಲೆಕ್ಕ ಶೀರ್ಷಿಕೆ ಯಾವುದು, ಆಡಳಿತಾತ್ಮಕ ಅನುಮೋದನೆ ಯಾವ ತಾರೀಖು, ಟೆಂಡರು ಕರೆದಿದ್ದೀರಾ ಎಂದು ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಟ್ಟರಂತೆ. ಅಲ್ಲಿಯ ಗುಮಾಸ್ತರು ಕನ್ನಡಕ ಏರಿಸಿ ಚೀಟಿ ಓದಿ, ಅಂದಾಜು ಪಟ್ಟಿಯೇ ಇನ್ನೂ ಮೇಲಕ್ಕೆ ಹೋಗಿಲ್ಲ ಎಂದರು. ಎರಡು ವರ್ಷದಲ್ಲಿ ಅವರಿಗೆ ಸಿಕ್ಕ ಮೊದಲ ನೇರ ಉತ್ತರ ಅದು.